ಅಡಿಕೆ ದರದ ಆ್ಯಪ್: ಕೀಗಳನ್ನೆಲ್ಲ ಕೋಡ್‌ನಿಂದ ಹೊರಗೆ ತಂದೆ

ಶಿರಸಿಯಲ್ಲಿ ಈ ವಾರ ಮಳೆ ಬಿಡಲೇ ಇಲ್ಲ. ಕರೆಂಟ್ ಇದ್ದಷ್ಟು ಹೊತ್ತು ಕೂತು, ಬಹಳ ದಿನದಿಂದ ಬಾಕಿ ಇದ್ದ ಕೆಲಸ ಮುಗಿಸಿದೆ. ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು ಹೀಗೆ ಅಡಿಕೆಯ ಬಗೆಗಳ ದರವನ್ನು ದಿನಾ ಸಂಜೆ ಊರಿನ ಟೆಲಿಗ್ರಾಂ ಗುಂಪಿಗೆ ಹಾಕುವ ನನ್ನ ಜಾಂಗೋ (ಪೈಥಾನ್‌ನ ವೆಬ್ ಚೌಕಟ್ಟು) ಆ್ಯಪ್ ಇದೆಯಲ್ಲ, ಅದರ ಬಾಟ್ ಟೋಕನ್ (ಮೆಸೇಜ್ ಕಳಿಸುವ ಬಾಟ್‌ನ ಗುಟ್ಟಿನ ಕೀ), ಡೇಟಾಬೇಸ್ ಪಾಸ್‌ವರ್ಡ್, ಸೀಕ್ರೆಟ್ ಕೀ (ಲಾಗಿನ್‌ಗಳನ್ನು ಖಾತ್ರಿ ಮಾಡಲು ಜಾಂಗೋ ಬಳಸುವ ಕೀ) ಎಲ್ಲವೂ ಸೆಟ್ಟಿಂಗ್ಸ್ ಫೈಲಿನಲ್ಲೇ ಇದ್ದವು. ಅಣ್ಣನ ಮಗ ಕೋಡ್ ಕೇಳಿದ. ಹಾಗೇ ಕೊಡುವ ಹಾಗಿರಲಿಲ್ಲ.

ಫೈಲಿನಿಂದ ಅಳಿಸಿದರೆ ಸಾಲದು. ಕೋಡ್‌ನ ಬದಲಾವಣೆಗಳನ್ನು ದಾಖಲಿಸುವ ಗಿಟ್ ಹಳೆಯದನ್ನೆಲ್ಲ ಇಟ್ಟುಕೊಂಡಿರುತ್ತದೆ. ಟೋಕನ್‌ನ ಮೊದಲ ಕೆಲವು ಅಕ್ಷರ ಕೊಟ್ಟು ಕಮಿಟ್‌ಗಳಲ್ಲಿ (ಗಿಟ್ ಉಳಿಸಿಟ್ಟ ಒಂದೊಂದು ಬದಲಾವಣೆ) ಹುಡುಕಿದೆ, ಮೊದಲ ದಿನದ ಕಮಿಟ್‌ನಲ್ಲೇ ಸಿಕ್ಕಿತು. ಹಾಗಾಗಿ ಮೊದಲು ಟೆಲಿಗ್ರಾಂನಲ್ಲಿ ಬಾಟ್‌ಗಳನ್ನು ನಿಭಾಯಿಸುವ ಬಾಟ್‌ಫಾದರ್‌ನಲ್ಲಿ ಹಳೆಯ ಟೋಕನ್ ರದ್ದು ಮಾಡಿ ಹೊಸದು ತೆಗೆದೆ. ಡೇಟಾಬೇಸ್ ಪಾಸ್‌ವರ್ಡ್ ಕೂಡ ಬದಲಿಸಿದೆ. ಕಮಿಟ್‌ಗಳನ್ನು ತಿದ್ದಿ ಬರೆಯುವ ಕೆಲಸಕ್ಕೆ ಕೈ ಹಾಕಲಿಲ್ಲ. ಸತ್ತ ಕೀ ಅಲ್ಲಿದ್ದರೂ ತೊಂದರೆ ಇಲ್ಲ.

ಸೀಕ್ರೆಟ್ ಕೀ ಬದಲಿಸಿದರೆ ಎಲ್ಲರೂ ಲಾಗೌಟ್ ಆಗುತ್ತಾರೆ. ದರ ತುಂಬುವ ಮೂವರೂ ಹಿರಿಯರು, ಸುಮ್ನೆ ಅವರಿಗೆ ಯಾಕೆ ಕಷ್ಟ? ಜಾಂಗೋ 4.1ರಿಂದ ಹಳೆಯ ಕೀಯನ್ನು ಸ್ವಲ್ಪ ದಿನ ಫಾಲ್‌ಬ್ಯಾಕ್ ಪಟ್ಟಿಯಲ್ಲಿ, ಅಂದರೆ ಇನ್ನೂ ಒಪ್ಪುವ ಹಳೆಯ ಕೀಗಳ ಪಟ್ಟಿಯಲ್ಲಿ, ಇಡಬಹುದು. ಆದರೆ ನನ್ನ ಹಳೆಯ ಕೀ ಗಿಟ್‌ನಲ್ಲಿತ್ತು. ಅದನ್ನು ಇನ್ನೂ ನಂಬುವುದು ಸರಿಯಲ್ಲ ಎನಿಸಿತು. ಮೂವರಿಗೂ ಫೋನ್ ಮಾಡಿ ಮತ್ತೆ ಲಾಗಿನ್ ಮಾಡಿಸಿದೆ.

ಈಗ ಸರ್ವರ್‌ನಲ್ಲಿ ಈ ಕೀಗಳನ್ನೆಲ್ಲ ಹೆಸರಿನ ಜೊತೆ ಬರೆದಿಟ್ಟ ಒಂದು ಎನ್ವಿರಾನ್ಮೆಂಟ್ ಫೈಲ್ ಇದೆ. ಅದು ರೂಟ್ (ಸರ್ವರ್‌ನ ಮುಖ್ಯ ಯೂಸರ್) ಹೆಸರಿನಲ್ಲಿದೆ, ಅನುಮತಿ 600, ಅಂದರೆ ಒಡೆಯ ಮಾತ್ರ ಓದಿ ಬರೆಯಬಹುದು. ಸರ್ವರ್‌ನಲ್ಲಿ ಆ್ಯಪ್ ಶುರು ಮಾಡುವ ಸಿಸ್ಟಮ್‌ಡಿ ಅದನ್ನು ತಾನೇ ಓದಿ ಆ್ಯಪ್‌ಗೆ ಕೊಡುತ್ತದೆ, ಆ್ಯಪ್‌ನ ಯೂಸರ್‌ಗೆ ಆ ಫೈಲ್ ತೆರೆಯುವ ಹಕ್ಕೇ ಬೇಡ.

ಜಾಸ್ತಿ ಹೊತ್ತು ತಿಂದಿದ್ದು ಎರಡು ಸಣ್ಣ ವಿಷಯ. ಡಿಬಗ್‌ಗೆ (ತಪ್ಪುಗಳ ವಿವರ ತೋರಿಸುವ ಸೆಟ್ಟಿಂಗ್) ‘ಫಾಲ್ಸ್’ ಎಂದು ಬರೆದಿದ್ದೆ, ಆದರೂ ಆನ್ ಆಗಿಯೇ ಇತ್ತು. ಎನ್ವಿರಾನ್ಮೆಂಟ್‌ನಿಂದ ಬರುವುದೆಲ್ಲ ಬರೀ ಅಕ್ಷರ. ಖಾಲಿ ಅಲ್ಲದ ಯಾವ ಅಕ್ಷರವೂ ಪೈಥಾನ್‌ಗೆ ‘ಟ್ರೂ’ ಅಲ್ವಾ. ಈಗ ಅದು ‘1’ ಹೌದೋ ಅಲ್ಲವೋ ಎಂದು ಹೋಲಿಸಿ ನೋಡುತ್ತೇನೆ.

ಎರಡನೆಯದು ಬುಧವಾರ ಸಂಜೆ ಗೊತ್ತಾಯಿತು. ಪಕ್ಕದ ಮನೆಯ ಮಾವ ಬೇಲಿ ಹತ್ತಿರ ನಿಂತು, “ತಮಾ, ಇವತ್ತು ದರದ ಮೆಸೇಜೇ ಬಂಜಿಲ್ಲೆ” ಎಂದರು. ಫೈಲಿನಲ್ಲಿ ಟೋಕನ್‌ನ ಹೆಸರು ಒಂದಕ್ಷರ ತಪ್ಪಾಗಿತ್ತು. ಹೆಸರು ಸಿಗದಿದ್ದರೆ ಖಾಲಿ ಎಂದುಕೋ ಎಂದು ಕೋಡ್‌ನಲ್ಲಿ ನಾನೇ ಹೇಳಿದ್ದೆ. ಆ್ಯಪ್ ಆರಾಮಾಗಿ ಶುರುವಾಗಿ, ಮೆಸೇಜ್ ಮಾತ್ರ ಹೋಗಲಿಲ್ಲ. ಮರುದಿನ ವ್ಯಾಪಾರಕ್ಕೆ ಹೋಗುವವರು ಆ ಮೆಸೇಜ್ ನೋಡಿಯೇ ಹೊರಡುತ್ತಾರೆ. ಈಗ ಒಂದು ಹೆಸರು ಇಲ್ಲದಿದ್ದರೂ ಆ್ಯಪ್ ಶುರುವೇ ಆಗುವುದಿಲ್ಲ, ಯಾವುದು ಇಲ್ಲ ಎಂದು ಲಾಗ್‌ನಲ್ಲಿ ಹೇಳುತ್ತದೆ.

ಹೆಸರುಗಳು ಮಾತ್ರ ಇರುವ, ಟೋಕನ್, ಪಾಸ್‌ವರ್ಡ್‌ಗಳ ಜಾಗ ಖಾಲಿ ಬಿಟ್ಟ ಮಾದರಿ ಫೈಲ್ ಒಂದನ್ನು ಗಿಟ್‌ಗೆ ಹಾಕಿದೆ. ನಿಜವಾದದ್ದರ ಹೆಸರು ಗಿಟ್‌ಇಗ್ನೋರ್‌ನಲ್ಲಿದೆ (ಗಿಟ್ ಸೇರಿಸಿಕೊಳ್ಳಬಾರದ ಫೈಲುಗಳ ಪಟ್ಟಿ), ಅದರ ಪ್ರತಿ ಪಾಸ್‌ವರ್ಡ್ ಮ್ಯಾನೇಜರ್‌ನಲ್ಲಿದೆ. ಅಣ್ಣನ ಮಗ ತನ್ನದೇ ಬಾಟ್ ಮಾಡಿಕೊಂಡು, ಆ ಮಾದರಿಯಲ್ಲಿ ತನ್ನ ಟೋಕನ್ ತುಂಬಿ ನಿನ್ನೆ ಆ್ಯಪ್ ನಡೆಸಿದ. ಬಿಳಿಗೋಟಿನ ದರವನ್ನೂ ಸೇರಿಸುತ್ತಿದ್ದಾನೆ.