ಪರುಷಮಣಿಗೆ ಕೆಂಪು ಬಂದದ್ದೆಲ್ಲಿಂದ?

ಪರುಷಮಣಿಯಿಂದ ಕೀಳು ಲೋಹವನ್ನು ಚಿನ್ನವಾಗಿಸಲು ಹೊರಟ ಮಧ್ಯಯುಗದ ಯುರೋಪಿನ ರಸವಾದಿಗಳನ್ನು ಮರುಳರು ಎಂದು ನಗುವ ಮುನ್ನ ಪಾದರಸ, ಗಂಧಕ ಕೂಡಿಸಿ ಪಡೆಯುವ ಕೆಂಪು ಬಣ್ಣವಾದ ಇಂಗಳೀಕ ಮಾಡುವ ಬಗೆ ನೋಡಬೇಕು. ಲೋಹಗಳೆಲ್ಲ ಪಾದರಸ, ಗಂಧಕ ಕೂಡಿ ಹುಟ್ಟಿದವು ಎಂಬ ಅರಬ್ಬಿ ಗ್ರಂಥಗಳ ಮಾತನ್ನು ಅವರು ನಂಬಿದ್ದರು. ಆ ಎರಡನ್ನು ಒಲೆಗೇರಿಸಿದರೆ ನಂಬಿಕೆ ಇನ್ನಷ್ಟು ಗಟ್ಟಿಯಾಗುತ್ತದೆ.

ತೂಕದಲ್ಲಿ 100 ಪಾಲು ಪಾದರಸಕ್ಕೆ 16 ಪಾಲು ಗಂಧಕ ಸಾಕು. ಹಳೆಯ ಪಾಕಗಳಲ್ಲಿ ಗಂಧಕ ಇದಕ್ಕಿಂತ ಎಷ್ಟೋ ಜಾಸ್ತಿ. ಮಿಕ್ಕದ್ದು ಸುಟ್ಟು ಉಸಿರುಗಟ್ಟಿಸುವ ಹೊಗೆಯಾಗುತ್ತದೆ. ಕರಗಿದ ಗಂಧಕಕ್ಕೆ ಪಾದರಸವನ್ನು ಸ್ವಲ್ಪ ಸ್ವಲ್ಪವೇ ಬೆರೆಸಬೇಕು, ಒಮ್ಮೆಗೇ ಸುರಿದರೆ ಕಾವು ಏರಿ ಹೊತ್ತಿಕೊಳ್ಳುತ್ತದೆ. ಬೆಳ್ಳಿಯಂಥ ಹೊಳಪು ಮಾಯವಾಗಿ ಕಾಡಿಗೆಯಂಥ ಪುಡಿ ಉಳಿಯುತ್ತದೆ. ಅದನ್ನು ಮಣ್ಣು ಮೆತ್ತಿದ ಸೀಸೆಗೆ ತುಂಬಿ ಜೋರಾಗಿ ಕಾಯಿಸಿದರೆ ಆವಿಯಾಗಿ ಮೇಲೆದ್ದು, ತಣ್ಣಗಿರುವ ಕತ್ತಿನ ಭಾಗದಲ್ಲಿ ಕಪ್ಪುಗೆಂಪು ಹೆಪ್ಪಾಗಿ ಕೂರುತ್ತದೆ. ಅರೆದಷ್ಟೂ ಕೆಂಪು ಕಳೆಗಟ್ಟುತ್ತದೆ. ಬಾಯಿ ಬಿಗಿದರೆ ಸೀಸೆ ಸಿಡಿಯುತ್ತದೆ, ತೆರೆದಿಟ್ಟರೆ ಪಾದರಸ ಹೊಗೆಯಾಗಿ ಹೋಗುತ್ತದೆ. ಆ ಹೊಗೆ ವಿಷ. ಮನೆಯಲ್ಲಿ ಮಾಡಿ ನೋಡುವ ಕೆಲಸವಲ್ಲ ಇದು.

ಪರುಷಮಣಿಯ ಹಾದಿಯೂ ಕಪ್ಪಿನಿಂದ ಶುರುವಾಗಿ ಬಿಳಿ, ಹಳದಿ ದಾಟಿ ಕೆಂಪಿಗೆ ಮುಟ್ಟಬೇಕಿತ್ತು. ನಡುವಿನ ಎರಡು ಬಣ್ಣ ಇಂಗಳೀಕದಲ್ಲಿ ಕಾಣುವುದಿಲ್ಲ, ನಿಜ. ಆದರೆ ಮೊದಲೂ ಕೊನೆಯೂ ಹೀಗೆ ಹೊಂದಿಕೊಂಡ ಮೇಲೆ ನಡುವಿನದಕ್ಕೆ ದೋಷವನ್ನು ಉರಿಯ ಮೇಲೆ ಹಾಕುವುದು ಸುಲಭ. ಉಷ್ಣಮಾಪಕವಿಲ್ಲದ ಕಾಲ. ಗೊಬ್ಬರದ ಗುಂಡಿ, ಬಿಸಿನೀರು, ಬೂದಿ, ಮರಳು, ಕೊನೆಗೆ ನೇರ ಉರಿ: ಇವೇ ಕಾವಿನ ಮೆಟ್ಟಿಲುಗಳು.

ತಯಾರಾದ ‘ಚಿನ್ನ’ದ ಬಣ್ಣ ಬಯಲು ಮಾಡುತ್ತಿದ್ದದ್ದು ಮೂಳೆ ಬೂದಿಯ ಪುಟ್ಟ ಬಟ್ಟಲು. ತುಣುಕನ್ನು ಸೀಸದ ಜೊತೆ ಅದರಲ್ಲಿಟ್ಟು, ಗಾಳಿಯಾಡುವಂತೆ ಕೆಂಪಗೆ ಕಾಯಿಸುತ್ತಾರೆ. ಸೀಸವೂ ತಾಮ್ರದಂಥ ಕಲಬೆರಕೆಯೂ ಭಸ್ಮವಾಗಿ ಬೂದಿಯೊಳಗೆ ಇಂಗುತ್ತವೆ. ಚಿನ್ನ, ಬೆಳ್ಳಿ ಮಾತ್ರ ಗುಂಡಾಗಿ ನಿಲ್ಲುತ್ತವೆ. ಹಿತ್ತಾಳೆಯಾದರೆ ಏನೂ ಉಳಿಯದು. ಬೆಳ್ಳಿ ಬೇರ್ಪಡಿಸಲು ನೈಟ್ರಿಕ್ ಆಮ್ಲ ಬೇಕು. ಅದಕ್ಕೂ ಒಂದು ಲೆಕ್ಕವಿದೆ: ಚಿನ್ನದ ಸುಮಾರು ಮೂರರಷ್ಟು ಬೆಳ್ಳಿ ಇರಬೇಕು, ಕಡಿಮೆಯಿದ್ದರೆ ಮತ್ತಷ್ಟು ಬೆಳ್ಳಿ ಸೇರಿಸಿ ಕರಗಿಸಬೇಕು. ಇಲ್ಲವಾದರೆ ಚಿನ್ನದ ಮರೆಯಲ್ಲಿ ಕೂತ ಬೆಳ್ಳಿಗೆ ಆಮ್ಲ ತಾಗುವುದೇ ಇಲ್ಲ.

1317ರಲ್ಲಿ ಪೋಪ್ 22ನೇ ಜಾನ್ ಹೊರಡಿಸಿದ ಆಜ್ಞೆ ಇಂಥ ಖೋಟಾ ಚಿನ್ನದ ಮೇಲೆಯೇ. ಮಾಡಿ ಸಿಕ್ಕಿಬಿದ್ದವನು ಅಷ್ಟೇ ತೂಕದ ಅಸಲಿ ಚಿನ್ನವನ್ನು ಬಡವರ ಸಲುವಾಗಿ ತೆರಬೇಕಿತ್ತು.