70 ಜನರ ಮುಂಗಡ

ಇವತ್ತು ಅಕ್ಕನ ಜೊತೆ ಬ್ಯಾಂಕಿಗೆ ಹೋಗಿದ್ದೆ. ಅವಳ ಜೋಳದ ರೊಟ್ಟಿ ವ್ಯಾಪಾರಕ್ಕೆ ಒಂದು ಮಷಿನ್ ಬೇಕು. ಅರ್ಧ ದುಡ್ಡು ಅವಳೇ ಮುಂಗಡವಾಗಿ ಕೂಡಿಸಿದ್ದಾಳೆ. ಓಣಿಯವರು, ಹಳೇ ಗಿರಾಕಿಗಳು ಸೇರಿ 70 ಜನ ಐನೂರು, ಸಾವಿರ ಅಂತ ಮುಂಗಡ ಹಾಕಿದ್ದಾರೆ. ವರ್ಷವಿಡೀ ರೊಟ್ಟಿ ಒಯ್ದು ಆ ದುಡ್ಡು ಮುರಿದುಕೊಳ್ಳುತ್ತಾರೆ. ಉಳಿದರ್ಧಕ್ಕೆ ಮುದ್ರಾ ಸಾಲದ ಅರ್ಜಿ.

ಮ್ಯಾನೇಜರು ಪಾಸ್‌ಬುಕ್ಕಿನ ಸಣ್ಣ ಸಣ್ಣ ಜಮೆಗಳ ಮೇಲೆ ಪೆನ್ನಿನ ತುದಿ ಇಟ್ಟು ಒಂದೊಂದೇ ಸಾಲು ಕೆಳಗಿಳಿದರು. "ಇದು ಸಾಲ ಏನ್ರೀ, ದಾನ ಏನ್ರೀ?"

"ಮುಂಗಡ ರೀ ಸರ್."

"ಹಂಗಾದ್ರ ನಿಮ್ಮ ಬಂಡವಾಳ ಎಲ್ಲೈತ್ರೀ?"

ಅವರ ಪ್ರಶ್ನೆ ತಪ್ಪಲ್ಲ. ಮುಂಗಡ ಅಂದರೆ ತೀರಿಸಬೇಕಾದ ಬಾಕಿಯೇ. ಮುಂಗಡದ ಬದಲು ಪಾಲು ಕೊಡೋಣ ಅಂದರೆ, ಜನರಿಂದ ಆನ್‌ಲೈನಿನಲ್ಲಿ ಷೇರು ಬಂಡವಾಳ ಎತ್ತುವ ಬಗ್ಗೆ ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 2014ರಲ್ಲೇ ಚರ್ಚಾಪತ್ರ ಹೊರಡಿಸಿತ್ತು, ನಿಯಮ ಮಾತ್ರ ಬರಲಿಲ್ಲ. ಆದರೂ ನನಗೆ ಸಂಕಟವಾಯಿತು. ವರ್ಷದ ರೊಟ್ಟಿಗೆ 70 ಮನೆಯವರು ಮೊದಲೇ ದುಡ್ಡು ಕೊಟ್ಟಿದ್ದಾರೆ ಅನ್ನುವುದು ಸಾಲ ತೀರಿಸಿದ ಚರಿತ್ರೆ ಅಳೆಯುವ ಸಿಬಿಲ್ ಸ್ಕೋರಿಗಿಂತ ಕಡಿಮೆ ಸಾಕ್ಷಿಯೇ? ಉಡುಪಿಯಲ್ಲಿ 1925ರಲ್ಲಿ 8,000 ರೂಪಾಯಿ ಬಂಡವಾಳದಿಂದ, ನೇಕಾರರಿಗೆ ಆಸರೆಯಾಗಲೆಂದು ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಿಂದ ಪಿಗ್ಮಿ ಅಂತ ಮನೆಮನೆಗೆ ಹೋಗಿ ದಿನಕ್ಕೆ ಎರಡಾಣೆ ಕೂಡಿಸಿತು. ಸಣ್ಣ ದುಡ್ಡಿನ ಬೆಲೆ ಬ್ಯಾಂಕಿನವರಿಗೆ ಗೊತ್ತಿಲ್ಲದ್ದೇನಲ್ಲ.

ಕೊನೆಗೆ, ಎಲ್ಲರ ಹೆಸರು, ಮೊತ್ತ, ವಾಯಿದೆ ಬರೆದು ಸಹಿ ಮಾಡಿಸಿ ತರ್ರಿ, ನೋಡೋಣು ಅಂದರು. ಅಕ್ಕ ಈಗ ಅಡುಗೆಮನೆಯಲ್ಲಿ ಕೂತು ಹಾಳೆಗೆ ಗೀಟು ಎಳೆಯುತ್ತಿದ್ದಾಳೆ. ಸಂಜೆಗೆ ಮೊದಲು ಎದುರು ಮನೆ ಅಜ್ಜಿಯ ಹೆಬ್ಬೆಟ್ಟು.