31 ಹಿರಿಯರು ಕೂತ ಬಾಗಿಲು: ಓಲ್ನೇ ಊರಿನ ಸಂತ ಪೇತ್ರರ ಚರ್ಚು

ಪಶ್ಚಿಮ ಫ್ರಾನ್ಸಿನಲ್ಲಿ ಪ್ವಾತಿಯೇ ನಗರದಿಂದ ಸೇಂ-ಜಾನ್-ದಾಂಜೆಲಿ ಕಡೆಗೆ ಹೋಗುವ ಡಿ-950 ರಸ್ತೆಯಲ್ಲಿ ಓಲ್ನೇ ಸಿಗುತ್ತದೆ. ಊರಿಗೆ ರೈಲಿಲ್ಲ, ಕಾರು ಬೇಕೇ ಬೇಕು. ಚರ್ಚು ಊರೊಳಗಿಲ್ಲ, ಹೊರಗೆ, ಹಳೆಯ ಸ್ಮಶಾನದ ನಡುವೆ ನಿಂತಿದೆ. ಸ್ಪೇನಿನ ಯಾತ್ರಾಸ್ಥಳ ಸಾಂತಿಯಾಗೊ ದೆ ಕೊಂಪೊಸ್ತೆಲಾಗೆ ನಡೆದು ಹೋಗುತ್ತಿದ್ದ ಯಾತ್ರಿಕರ ದಾರಿ ಇದು. ಆ ದಾರಿಯ ಭಾಗವಾಗಿಯೇ 1998ರಲ್ಲಿ ಚರ್ಚು ಯುನೆಸ್ಕೊ ಪಟ್ಟಿಗೆ ಸೇರಿತು. ಕಟ್ಟಿದ್ದು 12ನೇ ಶತಮಾನದ ಮೊದಲರ್ಧದಲ್ಲಿ. ಆಗ ಇದು ಪ್ವಾತಿಯೇ ಕಥೀಡ್ರಲ್‌ನ ಪಾದ್ರಿಗಳ ಆಡಳಿತದಲ್ಲಿತ್ತು.

ಬಂದವರು ಸಾಮಾನ್ಯವಾಗಿ ಮುಂಬಾಗಿಲಿಗೆ ಹೋಗುತ್ತಾರೆ. ಅದು ಪಶ್ಚಿಮಕ್ಕಿದೆ, ಬೆಳಿಗ್ಗೆ ಪೂರ್ತಿ ನೆರಳು. ಕೆತ್ತನೆಯೆಲ್ಲ ಒಂದೇ ಬೂದುಬಣ್ಣದಲ್ಲಿ ಕರಗಿಬಿಡುತ್ತದೆ. ಬೆಳಿಗ್ಗೆ ಹಿಂಬದಿಯ ಅರ್ಧವೃತ್ತದ ಗೋಡೆ ನೋಡಿ, ಮಧ್ಯಾಹ್ನ ದಕ್ಷಿಣ ಬಾಗಿಲಿಗೆ ಬನ್ನಿ, ಪಶ್ಚಿಮವನ್ನು ಸಂಜೆಗೆ ಇಟ್ಟುಕೊಳ್ಳಿ. ದುರ್ಬೀನು ಮರೆಯಬೇಡಿ.

ಹೆಚ್ಚು ಹೊತ್ತು ನಿಲ್ಲಬೇಕಾದದ್ದು ದಕ್ಷಿಣ ಬಾಗಿಲ ಮುಂದೆ. ಒಂದರ ಹೊರಗೊಂದು ನಾಲ್ಕು ಕಮಾನು ಸಾಲುಗಳು. ಒಳಸಾಲಿನಲ್ಲಿ ಬಳ್ಳಿ, ಪ್ರಾಣಿಗಳು. ಎರಡನೆಯದರಲ್ಲಿ ಪ್ರೇಷಿತರು (ಯೇಸುವಿನ ಮುಖ್ಯ ಶಿಷ್ಯರು), ಪ್ರವಾದಿಗಳು. ಮೂರನೆಯದರಲ್ಲಿ ಬೈಬಲಿನ ಕೊನೆಯ ಭಾಗವಾದ ಪ್ರಕಟಣೆ ಗ್ರಂಥದಲ್ಲಿ ಬರುವ ಹಿರಿಯರು, ಕೈಯಲ್ಲಿ ವಾದ್ಯ ಮತ್ತು ಕುಪ್ಪಿ. ಗ್ರಂಥದಲ್ಲಿ ಹಿರಿಯರು 24 ಮಂದಿ, ಇಲ್ಲಿ ಎಣಿಸಿದರೆ 31! ಕಲ್ಲಿನ ಜೋಡಣೆ ನೋಡಿದರೆ ಕಾರಣ ಊಹಿಸುವುದು ಕಷ್ಟವಲ್ಲ. ಕಮಾನಿನ ಒಂದೊಂದು ಬೆಣೆಕಲ್ಲಿಗೂ ಒಬ್ಬೊಬ್ಬ ಹಿರಿಯ. ಕಮಾನು ತುಂಬಲು ಎಷ್ಟು ಕಲ್ಲು ಬೇಕೋ ಅಷ್ಟು ಹಿರಿಯರು. ಬಗ್ಗಿ ಕಮಾನಿನ ಅಡಿಭಾಗ ನೋಡಿ: ಮೇಲಿನವರ ಭಾರವನ್ನು ಹೊತ್ತ ಪುಟ್ಟ ಮನುಷ್ಯರು ಅಲ್ಲೂ ಇದ್ದಾರೆ. ಹೊರಸಾಲು ವಿಚಿತ್ರ ಜೀವಿಗಳ ಸಂತೆ. ವಾದ್ಯ ನುಡಿಸುವ ಕತ್ತೆಯನ್ನು ಹುಡುಕದೆ ಹೋಗಬೇಡಿ.

ಪಶ್ಚಿಮ ಬಾಗಿಲಲ್ಲಿ ಲೆಕ್ಕಾಚಾರವೇ ಬೇರೆ. ಅಲ್ಲಿ ಆಕೃತಿಗಳು ಕಮಾನಿನ ಉದ್ದಕ್ಕೂ ಚಾಚಿಕೊಂಡು ಎರಡು ಬದಿಯಿಂದಲೂ ತುದಿಗೆ ಏರುತ್ತವೆ. ಒಂದು ಆಕೃತಿ ಹಲವು ಕಲ್ಲುಗಳ ಮೇಲೆ ಹರಡುತ್ತದೆ. ಹಾಗಾಗಿ ಎಣಿಕೆ ಶಿಲ್ಪಿಯ ಕೈಯಲ್ಲಿರುತ್ತದೆ: ದುರ್ಗುಣಗಳನ್ನು ತುಳಿಯುವ ಸದ್ಗುಣಗಳು ಆರು, ಯೇಸು ಹೇಳಿದ ಸಾಮತಿಯ, ದೀಪ ಹಿಡಿದ ಕನ್ನಿಕೆಯರು ಹತ್ತು. ತೀರ ಹೊರಗೆ ರಾಶಿಚಕ್ರ ಮತ್ತು ತಿಂಗಳು ತಿಂಗಳ ರೈತಾಪಿ ಕೆಲಸ. ಎಡಗಡೆಯ ಕುರುಡು ಕಮಾನಿನಲ್ಲಿ (ಬಾಗಿಲಿಲ್ಲದೆ ಗೋಡೆಯಿಂದ ಮುಚ್ಚಿದ ಕಮಾನು) ಸಂತ ಪೇತ್ರರನ್ನು ತಲೆಕೆಳಗಾಗಿ ಶಿಲುಬೆಗೆ ಹಾಕುತ್ತಿರುವ ದೃಶ್ಯ.

ಒಳಗೆ ಕಾಲಿಟ್ಟ ಕೂಡಲೇ ಕತ್ತಲು ಎನಿಸುತ್ತದೆ. ನಡುಹಜಾರದ ಮೊನೆಗಮಾನಿನ ಕಲ್ಲು ಛಾವಣಿ ಗೋಡೆಗಳನ್ನು ಹೊರಕ್ಕೆ ತಳ್ಳುತ್ತದೆ. ಆ ಒತ್ತಡವನ್ನು ತಡೆಯಲೆಂದು ಪಕ್ಕದ ಹಜಾರಗಳನ್ನೂ ಹೆಚ್ಚುಕಡಿಮೆ ಅಷ್ಟೇ ಎತ್ತರಕ್ಕೆ ಕಟ್ಟಿದರು. ಇದರಿಂದ ನಡುಹಜಾರಕ್ಕೆ ಸ್ವಂತ ಕಿಟಕಿಗೆ ಜಾಗವೇ ಉಳಿಯಲಿಲ್ಲ. ಬೆಳಕು ಪಕ್ಕದ ಹಜಾರಗಳನ್ನು ದಾಟಿ ಬರಬೇಕು. ಐದು ನಿಮಿಷ ಸುಮ್ಮನೆ ಕೂತರೆ ಕಣ್ಣು ಹೊಂದಿಕೊಂಡು, ಮುಂದೆ ಗಂಟೆ ಗೋಪುರದ ಕೆಳಗಿನ ಗುಮ್ಮಟ ನಿಧಾನವಾಗಿ ತೆರೆದುಕೊಳ್ಳುತ್ತದೆ.

ಈಗ ಶಿಲುಬೆಯಾಕಾರದ ಈ ಕಟ್ಟಡದ ದಕ್ಷಿಣ ತೋಳಿಗೆ ಬಂದು ಕಂಬದ ಬೋದಿಗೆಗಳನ್ನು ನೋಡಿ. ಒಂದರಲ್ಲಿ ಆನೆಗಳಿವೆ, ಮೇಲೆ ಲ್ಯಾಟಿನ್‌ನಲ್ಲಿ ‘ಹಿ ಸುಂತ್ ಎಲೆಫಾಂತೆಸ್’ ಎಂದು ಕೊರೆದಿದೆ, ಅಂದರೆ ‘ಇವು ಆನೆಗಳು’. ಆನೆ ನೋಡಿ ಬೆಳೆದ ನಮ್ಮ ಕಣ್ಣಿಗೆ ಅವುಗಳ ಪುಟ್ಟ ಕಿವಿ ಥಟ್ಟನೆ ಬೀಳುತ್ತದೆ. ಆನೆಯನ್ನೇ ಕಾಣದ ಹಳ್ಳಿಗರಿಗಾಗಿ ಶಿಲ್ಪಿ ಹೆಸರನ್ನೂ ಬರೆದಿಟ್ಟನೆಂದು ಕಾಣುತ್ತದೆ. ಬಲಿಪೂಜೆ (ಕಥೋಲಿಕರ ಸಾಮೂಹಿಕ ಆರಾಧನೆ) ನಡೆಯುವಾಗ ಈ ಭಾಗದಲ್ಲಿ ಓಡಾಡಬೇಡಿ. ಇದು ಇಂದಿಗೂ ಊರವರ ಪ್ರಾರ್ಥನಾಸ್ಥಳ.

ಹೊರಡುವ ಮುನ್ನ ಸ್ಮಶಾನದಲ್ಲಿರುವ 15ನೇ ಶತಮಾನದ ಹೊಸನ್ನ ಶಿಲುಬೆಯ ಬಳಿ ಹೋಗಿ. ಈಸ್ಟರ್‌ಗೆ ಒಂದು ವಾರ ಮುಂಚಿನ ಗರಿಗಳ ಭಾನುವಾರದ ಮೆರವಣಿಗೆ ಬಂದು ನಿಲ್ಲುತ್ತಿದ್ದುದು ಇಲ್ಲೇ. ಬೈಬಲಿನ ಶುಭಸಂದೇಶ ಓದಲು ಮಾಡಿದ ಕಲ್ಲಿನ ಪೀಠ ಈಗಲೂ ಇದೆ.